ಲಂಡನ್ನು ಬಿಟ್ಟು ಹೋಗದ ಎಂಜಿನ್ನು

ಲಂಡನ್ನಿನಲ್ಲಿ ಏನೇನು ನೋಡಿದಿರಿ ಎಂದು ಕಾಲೇಜಿನಲ್ಲಿ ಕೇಳಿದವರಿಗೆಲ್ಲ ಅರಮನೆ, ಸೇತುವೆ, ಗಡಿಯಾರದ ಗೋಪುರ ಎಂದು ಹೇಳಿ ಮುಗಿಸುತ್ತೇನೆ. ಅವನ್ನು ನೋಡಿದ್ದು ಸುಳ್ಳಲ್ಲ. ಆದರೆ ಕಣ್ಣು ಮುಚ್ಚಿದರೆ ಎದುರಿಗೆ ಬರುವುದು ರೈಲುಡಬ್ಬಿಗಳ ಡಿಕ್ಕಿ ತಡೆಯುವ ಎರಡು ಕಬ್ಬಿಣದ ಬಫರುಗಳ ನಡುವೆ ಸಿಕ್ಕಿಕೊಂಡ ಒಂದು ಕಂದು ಕೋಟು. ಆ ಕೋಟಿನೊಳಗೆ, ಯಾರನ್ನೋ ಕಾಯುತ್ತಿರುವವರಂತೆ ನೆಟ್ಟಗೆ ನಿಂತ ಒಬ್ಬ ಹಿರಿಯರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಕಬ್ಬಿಣದ ಕಪಾಟಿನ ಬಾಗಿಲು ದಢಾರನೆ ಹಾಕಿದರೆ ಇವತ್ತಿಗೂ ನನ್ನ ಕೈಯಲ್ಲಿನ ಚಹಾ ತುಳುಕುತ್ತದೆ.

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ನಮ್ಮ ಜಿಲ್ಲೆಯ ಸುಣ್ಣದಕಲ್ಲಿನ ಗಣಿಯೊಂದರಲ್ಲಿ ಹಿಂದೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಉಗಿ ಎಂಜಿನ್ನುಗಳು ಓಡುತ್ತಿದ್ದವು. ನಾನು ಚಿಕ್ಕವಳಿದ್ದಾಗಲೇ ಅವು ನಿಂತುಹೋದವು. ಒಂದು ಮಾತ್ರ ಜಾಲಿಗಿಡಗಳ ನಡುವೆ ತುಕ್ಕು ತಿನ್ನುತ್ತ ಉಳಿದಿತ್ತು. ಅದರ ಪಕ್ಕೆಯ ಹಿತ್ತಾಳೆ ಫಲಕದಲ್ಲಿ ಕಟ್ಟಿದ ಕಂಪನಿಯ ಹೆಸರು, ಅದರ ಕೆಳಗೆ ಲಂಡನ್ ಎಂಬ ಅಕ್ಷರಗಳು. ಗಣಿಯ ಬಗ್ಗೆ ಪುಸ್ತಕ ಬರೆಯಲು ಹೊರಟವಳನ್ನು ಆ ಫಲಕ ಹಿಡಿದುಕೊಂಡಿತು. ಇಷ್ಟು ಚಿಕ್ಕ ಎಂಜಿನ್ನನ್ನು ಅಷ್ಟು ದೊಡ್ಡ ಊರಿನಲ್ಲಿ ಕಟ್ಟಿದವರು ಯಾರು? ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ದಸರಾ ರಜೆಯಲ್ಲಿ, ಕೂಡಿಟ್ಟ ರಜೆಗಳನ್ನೆಲ್ಲ ಅದಕ್ಕೆ ಸೇರಿಸಿ, ಒಬ್ಬಳೇ ವಿಮಾನ ಹತ್ತಿದೆ.

ಕೆಂಟನ್

ಇಳಿದುಕೊಂಡಿದ್ದು ಲಂಡನ್ನಿನ ಕೆಂಟನ್ ಎಂಬ ಬಡಾವಣೆಯಲ್ಲಿ, ಚಿಕ್ಕಪ್ಪನ ಮಗ ವೀರೇಶನ ಮನೆಯಲ್ಲಿ. ಅವನೂ ಅವನ ಹೆಂಡತಿ ಶೈಲಾಳೂ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸಕ್ಕಿದ್ದರು. ಬೆಳಕು ಹರಿಯುವಷ್ಟರಲ್ಲಿ ಇಬ್ಬರೂ ಹೊರಡುವರು. ದೀಪ ಹಚ್ಚುವ ಹೊತ್ತಿಗೆ ಬರುವರು. ನಡುವಿನ ಹೊತ್ತೆಲ್ಲ ಆ ಮನೆ, ಅದರ ಕಾರ್ಪೆಟ್ಟು ಹಾಸಿದ ಮೆಟ್ಟಿಲು, ಗೊರಗೊರ ಎನ್ನುವ ಹೀಟರು ಮತ್ತು ನಾನು.

ಒಂದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಘಾಟು ಏಳುತ್ತಲೇ ಸೂರಿನಲ್ಲಿದ್ದ ಬಿಳಿ ಡಬ್ಬಿಯೊಂದು ಕೂಗತೊಡಗಿತು. ಬೆಂಕಿ ಬಿದ್ದರೆ ಕೂಗಲೆಂದು ಇಟ್ಟ ಯಂತ್ರವದು. ಅದನ್ನು ಹೇಗೆ ಸುಮ್ಮನಾಗಿಸುವುದೋ ಗೊತ್ತಿಲ್ಲ. ಕುರ್ಚಿ ಹತ್ತಿ ಟವೆಲ್ಲು ಬೀಸಿದೆ, ಕಿಟಕಿ ತೆರೆದೆ, ಕೊನೆಗೆ ಬಾಗಿಲು ತೆರೆದು ಹೊರಗೆ ನಿಂತೆ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಓಣಿ ಪೂರಾ ಒಳಗೆ ನುಗ್ಗಿ, ಒಬ್ಬರು ನೀರು ಸುರಿದು, ಇನ್ನೊಬ್ಬರು ಬೈದು, ಮತ್ತೊಬ್ಬರು ಸಾರಿನ ರುಚಿ ನೋಡಿರುತ್ತಿದ್ದರು. ಇಲ್ಲಿ ಎದುರುಮನೆಯ ಪರದೆ ಒಂದು ಬೆರಳಿನಷ್ಟು ಸರಿಯಿತು, ಮತ್ತೆ ಮುಚ್ಚಿಕೊಂಡಿತು. ಕೂಗು ತಾನೇ ನಿಂತಿತು. ಅವತ್ತಿನ ಸಾರು ಉಣ್ಣಲಾಗಲಿಲ್ಲ.

ಸಂಜೆ ಶೈಲಾಳಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು.

"ಅಕ್ಕಾ, ನಾ ಬಂದ ಹೊಸದಾಗಿ ಅದಕ್ಕ ಶವರ್ ಕ್ಯಾಪ್ ಹಾಕ್ತಿದ್ದೆ. ಒಗ್ಗರಣಿ ಮುಗಿಯೋತನಕ ಅದಕ್ಕೂ ಸ್ನಾನ!"

"ಮತ್ತ ಖರೇನೇ ಬೆಂಕಿ ಹತ್ತಿದ್ರ?"

"ಹತ್ತಿದ್ರ ಹತ್ತಲಿ, ಬಾಡಿಗಿ ಮನಿ" ಎಂದ ವೀರೇಶ, ಟೀವಿಯಿಂದ ಕಣ್ಣು ತೆಗೆಯದೆ.

ಅವರಿಬ್ಬರೂ ಒಳ್ಳೆಯವರು. ಈ ದೇಶದಲ್ಲಿ ಕಾಯಂ ಉಳಿಯಲು ಅರ್ಜಿ ಹಾಕಿ, ಉತ್ತರದ ದಾರಿ ನೋಡುತ್ತಿದ್ದರು. ಬಾಗಿಲ ಸಂದಿಯಿಂದ ಟಪಾಲು ಬಿದ್ದ ಸದ್ದಾದರೆ ಇಬ್ಬರ ಮಾತೂ ನಿಲ್ಲುತ್ತಿತ್ತು.

ಹೌನ್ಸ್ಲೋ

ಆ ಕಂಪನಿಯ ಹಳೆಯ ವಿಳಾಸ ಹುಡುಕಿಕೊಂಡು, ಟ್ಯೂಬು ಎನ್ನುವ ನೆಲದಡಿಯ ರೈಲುಗಳನ್ನು ಬದಲಿಸುತ್ತ ಹೌನ್ಸ್ಲೋಗೆ ಹೋದೆ. ಒಮ್ಮೆ ತಪ್ಪು ಗಾಡಿ ಹತ್ತಿ, ಅದು ನನ್ನ ನಿಲ್ದಾಣದಲ್ಲಿ ನಿಲ್ಲದೆ ಓಡಿದಾಗ, ಗಾಬರಿಯಲ್ಲಿ ಎದುರು ಕುಳಿತವರನ್ನು ಕೇಳಿದೆ. ಆತ ಪತ್ರಿಕೆ ಕೆಳಗಿಳಿಸಿ, ಬಹಳ ಮರ್ಯಾದೆಯಿಂದ ಉತ್ತರ ಹೇಳಿ, ಪತ್ರಿಕೆಯನ್ನು ಮತ್ತೆ ಮುಖಕ್ಕೆ ಏರಿಸಿಕೊಂಡರು. ಇಡೀ ಡಬ್ಬಿಯಲ್ಲಿ ಮಾತಾಡಿದವಳು ನಾನೊಬ್ಬಳೇ. ತಪ್ಪು ಮಾಡಿದ ಹುಡುಗಿಯ ಹಾಗೆ ಕಾಲು ಜೋಡಿಸಿ ಕುಳಿತೆ.

ಕಾರ್ಖಾನೆ ಇರಬೇಕಾದ ಜಾಗದಲ್ಲಿ ಸೋಫಾ, ಮಂಚ ಮಾರುವ ದೊಡ್ಡ ಗೋದಾಮಿತ್ತು. ಬಾಗಿಲಲ್ಲಿ ಪಂಜಾಬಿನ ಒಬ್ಬ ಸರ್ದಾರ್ಜಿ ಕಾವಲಿಗಿದ್ದರು. ನಾನು ಹಿಂದಿಯಲ್ಲಿ ವಿಚಾರಿಸಿದ್ದೇ ತಡ, ಮುಖ ಅರಳಿತು.

"ರೈಲ್ ಎಂಜಿನ್ನಾ? ಬೆಹೆನ್‌ಜೀ, ಇಲ್ಲಿ ಹಾಸಿಗೆ ಮಾತ್ರ ಸಿಗುತ್ತದೆ. ಮಲಗಿಕೊಂಡರೆ ಬೇಕಾದ ರೈಲು ಕನಸಿನಲ್ಲಿ ಬರುತ್ತದೆ."

ಆಮೇಲೆ ಅವರೇ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಒಂದು ಆಟದ ರೈಲಿನ ಬಗ್ಗೆ ಹೇಳಿದರು. ಜಲ್ಲಿಕಲ್ಲು ಅಗೆಯುತ್ತಿದ್ದ ಹಳೆಯ ಜಲ್ಲಿಗುಂಡಿಗಳ ಪಕ್ಕದಲ್ಲಿ, ವಿಮಾನಗಳು ತಲೆಗೆ ತಾಗುವಂತೆ ಹಾರುವ ಕಡೆ, ಭಾನುವಾರ ಭಾನುವಾರ ಓಡುತ್ತದೆಯಂತೆ. ಓಡಿಸುವವರು ಎಲ್ಲ ಮುದುಕರು. "ತಲೆ ಸ್ವಲ್ಪ..." ಎಂದು ಹಣೆಯ ಬಳಿ ಬೆರಳು ತಿರುಗಿಸಿದರು.

ಜಲ್ಲಿಗುಂಡಿಗಳ ಪಕ್ಕ

ಅದು ಆಟದ ರೈಲಾಗಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹಸಿರು ಬಣ್ಣದ ಎಂಜಿನ್ನನ್ನು ನೋಡಿದೊಡನೆ ಗುರುತು ಹಿಡಿದೆ. ನಮ್ಮ ಜಾಲಿಗಿಡಗಳ ನಡುವಿನದೇ ಮುಖ. ಅದೇ ಗಿಡ್ಡ ಚಿಮಣಿ, ಬಾಯ್ಲರಿನ ಮೇಲೆ ಕುದುರೆಯ ಜೀನಿನ ಹಾಗೆ ಕೂತ ಅದೇ ನೀರಿನ ಟ್ಯಾಂಕು, ನಾಲ್ಕೇ ಚಕ್ರ. ಒಂದು ಜೀವದಿಂದಿತ್ತು, ಇನ್ನೊಂದು ಸತ್ತಿತ್ತು, ಅಷ್ಟೇ.

ಎಣ್ಣೆಬಟ್ಟೆ ಹಿಡಿದು ಹಿತ್ತಾಳೆ ಉಜ್ಜುತ್ತಿದ್ದವರು ಡೆನಿಸ್. ನಿವೃತ್ತ ಭೂಗೋಳ ಮೇಷ್ಟ್ರು. ಬಾಯ್ಲರಿನ ಮುಂದೆಯೂ ಕೋಟು, ಟೈ. ನಾನು ಬಂದ ಕಾರಣ ಹೇಳಿದಾಗ ಅವರು ಕೈ ಒರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ: "ನಿಮ್ಮದರ ಚಿಮಣಿ ಇನ್ನೂ ಇದೆಯೇ?"

"ಇದೆ. ಅದರಲ್ಲಿ ಗುಬ್ಬಿ ಗೂಡು ಕಟ್ಟಿದೆ."

"ಒಳ್ಳೆಯದು. ಉಪಯೋಗಕ್ಕೆ ಬಂತಲ್ಲ."

ಕಂಪನಿಯ ಕತೆ ನನಗೆ ಸಿಕ್ಕಿದ್ದು ಆ ಶೆಡ್ಡಿನಲ್ಲಿ, ಮರದ ಪೆಟ್ಟಿಗೆಯ ಮೇಲೆ ಕೂತು. ಕಟ್ಟಡದ ಗುತ್ತಿಗೆದಾರರಿಗೆ ಪಂಪು, ಕೈಗಾಡಿ ಮಾಡಿಕೊಡುತ್ತಿದ್ದ ಭಾವ-ಮೈದುನರಿಬ್ಬರು ಅದನ್ನು ಶುರು ಮಾಡಿದವರು. ದೊಡ್ಡ ರೈಲಿನ ದೊಡ್ಡ ಎಂಜಿನ್ನು ಕಟ್ಟುವವರು ಬೇಕಾದಷ್ಟಿದ್ದರು. ಇವರು ಎಂದೂ ಅದಕ್ಕೆ ಕೈ ಹಾಕಲಿಲ್ಲ. ಇಟ್ಟಿಗೆಭಟ್ಟಿ, ಚಹಾ ತೋಟ, ಸಕ್ಕರೆ ಕಾರ್ಖಾನೆ, ಕಲ್ಲುಗಣಿ, ಯಾರು ಎಷ್ಟು ಅಗಲದ ಹಳಿ ಹಾಕಿಕೊಂಡಿದ್ದರೋ ಅವರಿಗೆ ಅಷ್ಟಗಲದ ಎಂಜಿನ್ನು, ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂತೆ. ಮೊದಲ ಮಹಾಯುದ್ಧ ಬಂದಾಗ ಕಂದಕಗಳಿಗೆ ಗುಂಡು ಮದ್ದು ಸಾಗಿಸಲು ರಾಶಿ ರಾಶಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಅವೇ ಎಂಜಿನ್ನುಗಳು ಅಗ್ಗಕ್ಕೆ ಮಾರಾಟವಾಗಿ, ತಮ್ಮ ಹೊಸ ಎಂಜಿನ್ನಿಗೆ ತಮ್ಮ ಹಳೆಯದೇ ಪೈಪೋಟಿಯಾಯಿತು. ಆಮೇಲೆ ಡೀಸೆಲ್ ಬಂತು, ಲಾರಿ ಬಂತು, ಕಲ್ಲು ಹೊರಲು ರಬ್ಬರ್ ಪಟ್ಟಿ ಬಂತು. ಕಾರ್ಖಾನೆ ಕೊನೆಯ ವರ್ಷಗಳಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಬಿಡಿಭಾಗ ಮಾಡಿ ಕಣ್ಣು ಮುಚ್ಚಿತು.

ನನ್ನ ಮನಸ್ಸಿನಲ್ಲಿ ನಿಂತಿದ್ದು ಅವರ ಕೆಲಸದ ಒಂದು ರೀತಿ. ಎಂಜಿನ್ನು ತಯಾರಾದೊಡನೆ ಅಂಗಳದಲ್ಲಿ ಹಾಕಿದ ತುಂಡು ಹಳಿಯ ಮೇಲೆ ಉಗಿ ಏರಿಸಿ, ಅತ್ತ ಇತ್ತ ಓಡಿಸಿ ನೋಡುತ್ತಿದ್ದರು. ಸರಿಯಿದ್ದರೆ ಅವತ್ತೇ ಬಿಚ್ಚಿ ಪೆಟ್ಟಿಗೆಗೆ ತುಂಬಿ ಹಡಗಿಗೆ ಕಳಿಸುವುದು. ಕಟ್ಟಿದವರು ತಮ್ಮ ಎಂಜಿನ್ನು ಓಡಿದ್ದನ್ನು ನೋಡುವುದು ಆ ಅಂಗಳದ ಒಂದು ದಿನ ಮಾತ್ರ.

"ಇದೊಂದನ್ನು ಬಿಟ್ಟು," ಎಂದರು ಡೆನಿಸ್. "ಇದು ಇಲ್ಲೇ ಈ ಜಲ್ಲಿಗುಂಡಿಗೆ ಮಾರಾಟವಾಯಿತು. ಲಂಡನ್ ಬಿಟ್ಟು ಹೋಗಲೇ ಇಲ್ಲ. ನನ್ನ ಹಾಗೆ."

ಗುಂಡಿಗಳು ಮುಚ್ಚಿದಾಗ ಗುಜರಿಗೆ ಹೊರಟಿದ್ದ ಅದನ್ನು ಅವರೂ ಅವರ ಹೆಂಡತಿಯೂ ಸೇರಿ ಉಳಿಸಿಕೊಂಡಿದ್ದರು. ಹೆಂಡತಿ ಈಗಿಲ್ಲ. ಕೊನೆಯ ವರ್ಷಗಳಲ್ಲಿ ಆಕೆ ಮೊದಲು ಬೀಗದ ಕೈ ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ಇವರನ್ನು. ಇದನ್ನು ಹೇಳುವಾಗಲೂ ಡೆನಿಸ್ ಹಿತ್ತಾಳೆ ಉಜ್ಜುತ್ತಲೇ ಇದ್ದರು. "ಹಿತ್ತಾಳೆಗೆ ಮಾತ್ರ ತಾನು ಯಾರೆಂದು ನೆನಪಿರುತ್ತದೆ. ಸ್ವಲ್ಪ ಉಜ್ಜಬೇಕು, ಅಷ್ಟೇ."

ಮಾತಿನ ನಡುವೆ ನಾನು ನಮ್ಮ ಗಣಿಯ ಆಯುಧಪೂಜೆಯ ಬಗ್ಗೆ ಹೇಳಿದೆ. ಬಾಯ್ಲರಿಗೆ ವಿಭೂತಿ ಪಟ್ಟಿ, ಚಿಮಣಿಗೆ ಹೂವಿನ ಹಾರ, ಚಕ್ರಗಳಡಿಗೆ ನಿಂಬೆಹಣ್ಣು. ಅವರು ಬಟ್ಟೆ ಕೆಳಗಿಟ್ಟರು.

"ಇದಕ್ಕೂ ಮಾಡಬಹುದೇ? ಇದಕ್ಕೆ ಯಾರೂ ಯಾವತ್ತೂ ಏನೂ ಮಾಡಿಲ್ಲ."

ಈಲಿಂಗ್ ರೋಡ್

ಹಬ್ಬ ವಾರದ ನಡುವೆ ಬಂದು ಹೋಗಿತ್ತು. "ಇರ್ಲಿ ಬಿಡ್ರಿ ಅಕ್ಕಾ, ಲಂಡನ್ನಾಗ ದೇವ್ರಿಗೂ ವೀಕೆಂಡೇ" ಎಂದಳು ಶೈಲಾ. ನನಗಿಂತ ಅವಳಿಗೇ ಹುರುಪು. ಊರಲ್ಲಿ ಅವಳ ತಂದೆಗೆ ಲಾರಿಗಳಿದ್ದವು. ಪೂಜೆಯೆಲ್ಲ ಅವಳ ಕೈಯಲ್ಲೇ ನಡೆಯುತ್ತಿತ್ತಂತೆ. ಶನಿವಾರ ನನ್ನನ್ನು ವೆಂಬ್ಲಿಯ ಈಲಿಂಗ್ ರೋಡಿಗೆ ಎಳೆದೊಯ್ದಳು. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು, ನಿಂಬೆಹಣ್ಣನ್ನು ಹಿಚುಕಿ ನೋಡಿದಳು, ಗುಜರಾತಿ ಅಂಗಡಿಯಾಕೆಯ ಜೊತೆ ಹಾರದ ಸಲುವಾಗಿ ಜಗಳವಾಡಿದಳು.

"ಇದೇನ್ರಿ, ನೈಲಾನ್ ದಾರದಾಗ ಪೋಣಿಸ್ಯಾರ. ನಮ್ಮ ಕಡೆ ಬಾಳಿನಾರಿಲೆ ಕಟ್ತಾರ."

"ಇಲ್ಲಿ ಬಾಳೆನಾರು ಎಲ್ಲಿಂದ ತರಲಿ?" ಎಂದಳು ಅಂಗಡಿಯಾಕೆ, ಶೈಲಾ ಅದನ್ನೇ ಹಿಂದಿಯಲ್ಲಿ ಹೇಳಿದಾಗ. "ನೈಲಾನ್ ಒಳ್ಳೆಯದು, ಹರಿಯುವುದೇ ಇಲ್ಲ."

ಲಂಡನ್ನಿಗೆ ಬಂದ ಮೇಲೆ ಮೊದಲ ಸಲ ನಾನು ನಕ್ಕ ದಿನ ಅದು.

ಭಾನುವಾರ

ಬೆಳಗಿನ ಇಬ್ಬನಿಯಲ್ಲಿ ಹುಲ್ಲು ತೊಯ್ದಿತ್ತು. ಎಂಜಿನ್ನು ಉಗಿಯೇರಿ ನಿಂತಿತ್ತು. ಅದರ ಮುಂದೆ, ಒಬ್ಬರು ಮಲಗುವಷ್ಟು ಜಾಗ ಬಿಟ್ಟು, ಪ್ರಯಾಣಿಕರ ಖಾಲಿ ಡಬ್ಬಿ. ಜನ ಇನ್ನೂ ಬಂದಿರಲಿಲ್ಲ. ನಾವು ಮೂವರು, ಡೆನಿಸ್, ಮತ್ತೆ ಈ ರೈಲು ನಡೆಸುವ ಹಿರಿಯರ ಸಂಘದ ಮುಖ್ಯಸ್ಥ ರೋಜರ್. ರೋಜರ್ ಕೈಕಟ್ಟಿ ದೂರ ನಿಂತಿದ್ದರು. ಈ ಪೂಜೆ ಅವರಿಗೆ ಅಷ್ಟಾಗಿ ಸೇರಿದಂತಿರಲಿಲ್ಲ.

ಎಂಜಿನ್ನಿನ ಕೆಳಗಿನಿಂದ ಉಗಿ ಬುಸುಗುಡುತ್ತಿತ್ತು. ಇಳಕಲ್ ರೇಷ್ಮೆ ಉಟ್ಟು ಬಂದ ಶೈಲಾ ಹಿಂದೆ ಸರಿದಳು. ಡೆನಿಸ್ ಅದನ್ನು ನೋಡಿ, "ಓ, ರೇಷ್ಮೆ ಹಾಳಾಗಬಾರದು" ಎಂದು ಮೇಲೆ ಹತ್ತಿ ಏನೋ ಎಳೆದರು. ಬುಸುಗುಡುವುದು ನಿಂತಿತು. ಅವರು ಇಳಿದು ಬಂದರು.

ಶೈಲಾ ವಿಭೂತಿ ಪಟ್ಟಿ ಎಳೆದಳು, ಕುಂಕುಮ ಇಟ್ಟಳು. ತೊಯ್ದ ನೆಲಕ್ಕೆ ತಾಗದಂತೆ ಆರತಿ ತಟ್ಟೆಯನ್ನು ಮರದ ತುಂಡುಗಳ ಮೇಲಿಟ್ಟಳು. ಚಕ್ರಗಳ ಬಳಿ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ನಿಂಬೆಹಣ್ಣು ಸಿಗಿಸಿದಳು. ವೀರೇಶ ಕ್ಯಾಮೆರಾ ಹಿಡಿದು, "ಅಕ್ಕಾ, ಮುಂದ ಬಾ, ನೀ ಫೋಟೋದಾಗ ಬರವಲ್ಲಿ" ಎನ್ನುತ್ತಿದ್ದ. ಹಾರವನ್ನು ಯಾರು ಹಾಕುವುದು? ಡೆನಿಸೇ ಹಾಕಲಿ ಎಂದಳು ಶೈಲಾ. ಅವರು ಹಾರ ತೆಗೆದುಕೊಂಡು ಎಂಜಿನ್ನಿನ ಮುಂದೆ ಹೋಗಿ, ಡಬ್ಬಿಗೆ ಬೆನ್ನು ಮಾಡಿ ನಿಂತು, ದೀಪದ ಕೊಂಡಿಗೆ ಅದನ್ನು ಕಟ್ಟತೊಡಗಿದರು. ಮೇಷ್ಟ್ರ ಗಂಟು, ಬಿಗಿಯಾಗಿ.

ನಾನು ನೋಡುತ್ತಿದ್ದುದು ನಿಂಬೆಹಣ್ಣನ್ನು. ಅದು ಮೆಲ್ಲಗೆ ಚಪ್ಪಟೆಯಾಯಿತು. ಸಿಪ್ಪೆ ಬಿರಿದು ರಸ ಹಳಿಯ ಮೇಲೆ ಹರಿಯಿತು. ಎಷ್ಟು ಚೆಂದ ಕಂಡಿತೆಂದರೆ, ಚಕ್ರ ತಿರುಗುತ್ತಿದೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಮೇಲೆ ಹತ್ತಿದವರು ಯಾರೂ ಇಲ್ಲ. ಎಂಜಿನ್ನು ತನ್ನಷ್ಟಕ್ಕೆ ನಡೆಯುತ್ತಿತ್ತು.

ಕೂಗಿದೆ. ಅದೇ ಹೊತ್ತಿಗೆ ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ನನ್ನ ಬಾಯಿ ತೆರೆದಿತ್ತು, ಸದ್ದು ನನಗೇ ಕೇಳಲಿಲ್ಲ. ಎಂಜಿನ್ನಿನ ಬಿಸಿ ಮುಖಕ್ಕೆ ತಾಗಿದಾಗ ಡೆನಿಸ್ ತಲೆಯೆತ್ತಿದರು, ಒಂದು ಹೆಜ್ಜೆ ಹಿಂದೆ ಇಟ್ಟರು, ಪಕ್ಕಕ್ಕೆ ಹಾರಲು ಹೋದರು. ದಾರ ಅವರ ಕೋಟಿನ ತೋಳಿನ ಗುಂಡಿಗೆ ಸುತ್ತಿಕೊಂಡಿತ್ತು. ಎಳೆದರು. ಹೂವುಗಳು ಉದುರಿದವು, ದಾರ ಹರಿಯಲಿಲ್ಲ. ಬಾಳೆನಾರಾಗಿದ್ದರೆ ಕಿತ್ತುಬರುತ್ತಿತ್ತು. ಇನ್ನೊಂದು ಹೆಜ್ಜೆ ಹಿಂದೆ. ಬೆನ್ನಿಗೆ ಡಬ್ಬಿ ತಾಗಿತು.

ಈ ಸಣ್ಣ ಗಾಡಿಗಳಿಗೆ ಬಫರು ನಡುವೆ ಒಂದೇ ಇರುತ್ತದೆ. ಡೆನಿಸ್ ಕೊನೆಯ ಗಳಿಗೆಯಲ್ಲಿ ಸೊಂಟ ತಿರುಗಿಸಿದರು. ಎಂಜಿನ್ನಿನ ಬಫರು ಬಂದು ಡಬ್ಬಿಯ ಬಫರಿಗೆ ಟಣ್ ಎಂದು ಬಡಿಯಿತು. ನಡುವೆ ಸಿಕ್ಕಿದ್ದು ಕೋಟಿನ ಅಂಚು. ಡಬ್ಬಿಯೂ ಜರುಗಿತು, ಅದರ ಜೊತೆ ಅವರೂ ಅಡ್ಡಹೆಜ್ಜೆ ಇಡುತ್ತ ಜರುಗಿದರು. ಅಷ್ಟರಲ್ಲಿ ರೋಜರ್ ಓಡಿಬಂದು ಮೇಲೆ ಹಾರಿ ಬ್ರೇಕು ತಿರುಗಿಸಿದರು.

ಎಲ್ಲ ನಿಂತ ಮೇಲೆ ಡೆನಿಸ್ ಕೋಟಿನೊಳಗೆ ನೆಟ್ಟಗೆ ನಿಂತಿದ್ದರು. ವಿಮಾನ ಹೋಗಿತ್ತು. ಆಗ ನನ್ನ ಕೂಗು ಕೇಳಿಸಿತು. ನಾನಿನ್ನೂ ಕೂಗುತ್ತಲೇ ಇದ್ದೆ.

ಚಹಾದ ಶೆಡ್ಡು

ನಮ್ಮಲ್ಲಾದರೆ ಅತ್ತು ಕರೆದು, ದೃಷ್ಟಿ ತೆಗೆದು, ಆಸ್ಪತ್ರೆಗೆ ಹೊತ್ತೊಯ್ಯುತ್ತಿದ್ದರು. ಇಲ್ಲಿ ರೋಜರ್ ಚಹಾ ಮಾಡಿದರು. ಕೇಳದೆಯೇ ಎಲ್ಲರ ಕಪ್ಪಿಗೂ ಕೈ ಬಿಚ್ಚಿ ಸಕ್ಕರೆ ಹಾಕಿದರು. ಕೋಟು ಎಲ್ಲಿ ಹರಿದಿದೆ, ಅದನ್ನು ಯಾವ ಅಂಗಡಿಯಲ್ಲಿ ಕೊಂಡದ್ದು, ಇದರ ಬಗ್ಗೆ ಇಬ್ಬರೂ ಗಂಭೀರವಾಗಿ ಮಾತಾಡಿದರು.

"ಬೆಣೆ ಇಟ್ಟಿದ್ದೆ," ಎಂದರು ಡೆನಿಸ್ ಇದ್ದಕ್ಕಿದ್ದಂತೆ. "ಚಕ್ರದ ಹಿಂದೊಂದು ಮುಂದೊಂದು. ಇಟ್ಟಿದ್ದೆನಲ್ಲವೇ, ರೋಜರ್?"

"ಚಕ್ರದ ಹತ್ತಿರ ಬೆಣೆ ಇರಲಿಲ್ಲ, ಡೆನಿಸ್."

"ಇಟ್ಟ ನೆನಪಿದೆ."

"ಇರಲಿಲ್ಲ. ನಾನು ನೋಡಿದೆ."

ಡೆನಿಸ್ ತಮ್ಮ ಕೈಗಳನ್ನು ನೋಡಿಕೊಂಡರು, ಬೇರೆ ಯಾರವೋ ಎಂಬಂತೆ. ನಮ್ಮನ್ನು ಕಳಿಸಲು ಗೇಟಿನವರೆಗೆ ಬಂದ ರೋಜರ್ ದನಿ ತಗ್ಗಿಸಿ ಹೇಳಿದರು: ಬುಧವಾರ ಸಂಜೆ ಸಭೆ ಇದೆ. ಡೆನಿಸ್ ಕೈಗೆ ಇನ್ನು ಎಂಜಿನ್ನು ಕೊಡುವುದು ಕಷ್ಟ. ಅದಕ್ಕಿಂತ ದೊಡ್ಡ ಮಾತೆಂದರೆ, ಹೆಂಡತಿಯ ಕತೆಯೂ ಹೀಗೆಯೇ, ಇಟ್ಟದ್ದು ಇಟ್ಟ ಕಡೆ ಇರದೆ ಶುರುವಾದದ್ದು. "ಅವನಿಗೂ ಅದೇ ಭಯ. ಈಗ ನಿಮ್ಮೆದುರಿಗೇ ಅವನ ಮುಖ ಹೇಗಾಯಿತು ನೋಡಿದಿರಲ್ಲ."

ಶೈಲಾ ಪೂಜೆಯ ಚೀಲವನ್ನು ಎದೆಗೊತ್ತಿಕೊಂಡು ಆಗಲೇ ಗೇಟು ದಾಟಿದ್ದಳು.

ಮತ್ತೆ ಕೆಂಟನ್

ಮರುದಿನ ಅವರಿಬ್ಬರೂ ಕೆಲಸಕ್ಕೆ ಹೋದರು. ನಾನು ಒಬ್ಬಳೇ ಆ ಮನೆಯಲ್ಲಿ. ನಿಂಬೆಹಣ್ಣು ಚಪ್ಪಟೆಯಾಗುವುದು, ದಾರ, ಟಣ್ ಎಂಬ ಸದ್ದು, ಮತ್ತೆ ನಿಂಬೆಹಣ್ಣು. ಕೈಗೆ ಏನಾದರೂ ಕೆಲಸ ಬೇಕೆಂದು ಆರತಿ ತಟ್ಟೆ ತೊಳೆದಿಡಲು ಮೆಟ್ಟಿಲ ಕೆಳಗಿನ ಚೀಲ ಬಿಚ್ಚಿದೆ.

ತಟ್ಟೆಯ ಕೆಳಗೆ ಎರಡು ಮರದ ಬೆಣೆಗಳು. ಎಣ್ಣೆ ಕುಡಿದು ಕಪ್ಪಾದವು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಮೇಲೆ ಕುಂಕುಮ ಚೆಲ್ಲಿತ್ತು.

ಎಲ್ಲ ಒಮ್ಮೆಗೇ ತಿಳಿಯಿತು. ನಿಂಬೆಹಣ್ಣು ಇಡಬೇಕಾದ ಜಾಗದಲ್ಲಿ ಮರದ ತುಂಡು ಕೂತಿದೆ. ಲಾರಿಗೆ ಪೂಜೆ ಮಾಡಿ ಬೆಳೆದವಳು ಅದನ್ನು ಎಳೆದು ಹಾಕಿದ್ದಾಳೆ. ಬಿಸಾಡಲಿಲ್ಲ, ತಟ್ಟೆಗೆ ಮಣೆ ಮಾಡಿದ್ದಾಳೆ. ಗಾಬರಿಯಲ್ಲಿ ತಟ್ಟೆಯ ಜೊತೆ ಚೀಲಕ್ಕೆ ತುಂಬಿದ್ದಾಳೆ. ಡೆನಿಸ್ ಮರೆತಿರಲಿಲ್ಲ.

ಸಂಜೆ ಬೆಣೆಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಶೈಲಾ ನೋಡಿ ಕುರ್ಚಿ ಹಿಡಿದು ಕೂತಳು. ಮಾತಾಡಿದವನು ವೀರೇಶ.

"ಅಕ್ಕಾ, ಇದನ್ನ ಕೌನ್ಸಿಲ್ ಕಸದ ಡಬ್ಬ್ಯಾಗ ಹಾಕಿ ಕೈ ತೊಳಕೋ."

"ಆ ಮನಷ್ಯಾ ತನ್ನ ತಲಿ ಕೆಟ್ಟದ ಅಂತ ಕುಂತಾನ, ವೀರೂ."

"ಅವರಿಗೇನಾತು? ಗಾಯ ಆತಾ? ಇಲ್ಲಲ್ಲ. ನಾಳಿ ಅವರು ಪೊಲೀಸರಿಗೆ ಹೇಳಿದ್ರ? ನಮ್ಮ ಅರ್ಜಿ ಎಲ್ಲಿ ಅದ ನಿನಗ ಗೊತ್ತಿಲ್ಲೇನು? ನೀ ಹದಿನೈದ ದಿನಕ್ಕ ವಿಮಾನ ಹತ್ತಾಕಿ. ಇಲ್ಲಿ ಇರೋರು ನಾವು."

ಅದೂ ಸುಳ್ಳಲ್ಲ.

"ಹೆಸರು ಹೇಳಂಗಿಲ್ಲ" ಎಂದೆ.

"ಹೆಸರು ಹೇಳದಿದ್ರ ಏನು? ರೇಷ್ಮಿ ಸೀರಿ ಉಟ್ಟಾಕಿ ಒಬ್ಬಾಕೇ ಇದ್ಲು ಅಲ್ಲೆ!"

ಶೈಲಾ ಮಾತಾಡಲಿಲ್ಲ. ಮುಂದಿನ ಎರಡು ದಿನವೂ ಮಾತಾಡಲಿಲ್ಲ. ಊಟಕ್ಕೆ ತಟ್ಟೆ ಇಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಬೆಣೆಗಳು ಮಾತ್ರ ಮೆಟ್ಟಿಲ ಕೆಳಗೆ ಹಾಗೆಯೇ ಇದ್ದವು. ಯಾರೂ ಡಬ್ಬಕ್ಕೆ ಹಾಕಲಿಲ್ಲ.

ಬುಧವಾರ

ಕೈಚೀಲದಲ್ಲಿ ಬೆಣೆಗಳನ್ನಿಟ್ಟುಕೊಂಡು ಟ್ಯೂಬಿನಲ್ಲಿ ಕೂತೆ. ಸಂಜೆಯ ಜನಸಂದಣಿ, ಹೆಗಲಿಗೆ ಹೆಗಲು ತಾಗುತ್ತಿದ್ದರೂ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮೊದಲ ಸಲ ಅದು ನನಗೆ ಹಿತವೆನಿಸಿತು.

ಚಹಾದ ಶೆಡ್ಡಿನಲ್ಲಿ ಸಂಘದ ನಾಲ್ಕಾರು ಹಿರಿಯರು ಕೂತಿದ್ದರು. ಡೆನಿಸ್ ಮೂಲೆಯಲ್ಲಿ, ಬೇರೆ ಕೋಟಿನಲ್ಲಿ. ಗಡ್ಡ ಕೆರೆದಿರಲಿಲ್ಲ. ನಾನು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಬೆಣೆಗಳನ್ನಿಟ್ಟೆ.

"ಇವು ಚಕ್ರದಡಿಯಲ್ಲಿ ಇದ್ದವು. ನಮ್ಮ ಮನೆಯವರು ತೆಗೆದರು. ನಮ್ಮ ಪದ್ಧತಿಯಲ್ಲಿ ಆ ಜಾಗದಲ್ಲಿ ನಿಂಬೆಹಣ್ಣು ಇಡಬೇಕು. ಮರ ಏಕಿದೆಯೆಂದು ನಮಗೆ ಗೊತ್ತಿರಲಿಲ್ಲ."

ಯಾರೂ ನಗಲಿಲ್ಲ. ಡೆನಿಸ್ ಎದ್ದು ಬಂದು ಒಂದು ಬೆಣೆ ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಅಂಚು ಸವರಿದರು.

"ಇಟ್ಟಿದ್ದೆ" ಎಂದರು.

"ಹೌದು, ನೀನು ಇಟ್ಟಿದ್ದೆ, ಡೆನಿಸ್" ಎಂದರು ರೋಜರ್. ಆಮೇಲೆ ಕೆಮ್ಮಿ, "ಹಾಗಾದರೆ ತಪ್ಪು ನಿನ್ನದಲ್ಲ ಎಂದು ಬರೆದುಕೊಳ್ಳೋಣ. ಸಂದರ್ಶಕರು ಎಂದು ಹಾಕಿದರೆ ಸಾಕು, ಹೆಸರು ಬೇಡ."

"ಬೇಡ," ಎಂದರು ಡೆನಿಸ್. ದನಿ ಮೇಷ್ಟ್ರದಾಗಿತ್ತು. "ನಿಂತ ಎಂಜಿನ್ನಿನ ಸಿಲಿಂಡರಿಗೆ ಸೋರುವ ಉಗಿ ಹೊರಹೋಗಲು ನಲ್ಲಿ ತೆರೆದಿರಬೇಕು, ಇಲ್ಲದಿದ್ದರೆ ಆ ಉಗಿ ಸೇರಿಕೊಂಡು ಎಂಜಿನ್ನನ್ನು ನಡೆಸಿಬಿಡುತ್ತದೆ. ರೇಷ್ಮೆ ಸೀರೆಗೆಂದು ನಾನು ಮುಚ್ಚಿದೆ. ಕೈಬ್ರೇಕು ಬಿಗಿಯಬೇಕು. ಬೆಣೆ ಇದೆಯಲ್ಲ, ಒಂದು ನಿಮಿಷದ ಕೆಲಸ ತಾನೇ ಎಂದು ಬಿಗಿಯಲಿಲ್ಲ. ಬೆಣೆ ಇವೆರಡರ ಮೇಲಿನ ಮೂರನೆಯ ಕಾವಲು ಅಷ್ಟೇ. ಮೊದಲ ಎರಡನ್ನು ತೆಗೆದವನು ನಾನು. ಬೆಣೆ ತೆಗೆದ ಆಕೆಯ ತಪ್ಪು ಏನೂ ಇಲ್ಲ."

ರೋಜರ್ ಏನೋ ಹೇಳಹೊರಟರು. ಡೆನಿಸ್ ಅವಕಾಶ ಕೊಡಲಿಲ್ಲ. ಉಗಿಯಲ್ಲಿರುವ ಎಂಜಿನ್ನನ್ನು ಇನ್ನು ತಾನು ಓಡಿಸುವುದಿಲ್ಲ ಎಂದು ತಾನೇ ಹೇಳಿ, ಅದನ್ನು ಬರೆದುಕೊಳ್ಳುವವರೆಗೆ ನಿಂತೇ ಇದ್ದರು.

ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು ಬಂದರು. ನಾನು ತಂದ ಸತ್ಯದಿಂದ ಅವರ ಎಂಜಿನ್ನು ಉಳಿಯಲಿಲ್ಲ. ಅತ್ತ ಕೆಂಟನ್ನಿನ ಮನೆಯಲ್ಲಿ ನನ್ನ ಮುಖ ನೋಡುವವರೂ ಇಲ್ಲ. ಕ್ಷಮಿಸಿ ಎಂದೆ. ಕ್ಷಮೆ ಏತಕ್ಕೆಂದು ಅವರಿಗೆ ಅರ್ಥವಾಗಲಿಲ್ಲ.

"ಭಾನುವಾರದಿಂದ ನಾನು ಮನೆಯಲ್ಲಿ ಕೂತು ನನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ," ಎಂದರು. "ನದಿಗಳ ಹೆಸರು, ರಾಜಧಾನಿಗಳು, ಹಳೆಯ ವಿದ್ಯಾರ್ಥಿಗಳು. ಎಲ್ಲ ನೆನಪಿತ್ತು. ಬೆಣೆ ಇಟ್ಟದ್ದೂ ನೆನಪಿತ್ತು. ಆದರೆ ಅದು ಸುಳ್ಳಾಗಿತ್ತಲ್ಲ. ಹಾಗಾದರೆ ಉಳಿದವುಗಳಲ್ಲಿ ಎಷ್ಟು ನಿಜ? ನನ್ನ ಹೆಂಡತಿಯ ನೆನಪುಗಳು ನಿಜವೇ? ಬೇಜವಾಬ್ದಾರಿ ಎನ್ನಿಸಿಕೊಂಡು ಬದುಕಬಹುದು, ಮೇಡಂ. ಬಹಳ ಜನ ಬದುಕುತ್ತಾರೆ."

ಬಸ್ಸು ಬಂತು. ಅವರು ಟೊಪ್ಪಿಗೆ ಮುಟ್ಟಿದರು.

ರೇನರ್ಸ್ ಲೇನ್

ಮನೆಗೆ ಬಂದಾಗ ಶೈಲಾ ಮೆಟ್ಟಿಲ ಮೇಲೆ ಕೂತಿದ್ದಳು. ಎರಡು ದಿನದ ಮೇಲೆ ಬಾಯಿ ಬಿಟ್ಟಳು.

"ಪೊಲೀಸರಿಗೆ ಹೇಳ್ತೀವಿ ಅಂದ್ರೇನ್ರಿ?"

"ಇಲ್ಲ. ಹೆಸರೂ ಕೇಳ್ಲಿಲ್ಲ."

"ಅವರು?"

ಡೆನಿಸ್ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಕಾರ್ಪೆಟ್ಟಿನ ನೂಲು ಕೀಳುತ್ತ ಕೇಳಿಸಿಕೊಂಡಳು. "ನನಗ ಅವತ್ತ ಸಂಜೀಕೇ ಗೊತ್ತಾಗಿತ್ತ್ರಿ, ಚೀಲ ಇಳಸುವಾಗ" ಎಂದು ಎದ್ದು ಮೇಲೆ ಹೋದಳು.

ಭಾನುವಾರ ನಾನು ಹೊರಟಾಗ, ವೀರೇಶ ಇನ್ನೂ ಮಲಗಿದ್ದ, ಅವಳೂ ಬೂಟು ಹಾಕಿಕೊಂಡು ಬಂದಳು. ಜೀನ್ಸು, ಹಳೆಯ ಸ್ವೆಟರು. ಕೈಯಲ್ಲಿ ಡಬ್ಬಿ ತುಂಬ ಶೇಂಗಾ ಹೋಳಿಗೆ. ರೇನರ್ಸ್ ಲೇನ್ ನಿಲ್ದಾಣದಲ್ಲಿ ಇಳಿದು ಗಾಡಿ ಬದಲಿಸಬೇಕು. ನಮ್ಮ ಗಾಡಿ ಬಂತು, ಬಾಗಿಲು ತೆರೆಯಿತು. ನಾನು ಹತ್ತಿ ತಿರುಗಿ ನೋಡಿದರೆ ಅವಳು ಪ್ಲಾಟ್‌ಫಾರಂ ಮೇಲೆಯೇ ಇದ್ದಳು.

"ನನ್ ಕೈಲೆ ಆಗೂದಿಲ್ರಿ ಅಕ್ಕಾ. ಆ ಗಾಡಿ ಕಣ್ಣಿಗೆ ಬಿದ್ರ..." ಎಂದು ಡಬ್ಬಿಯನ್ನು ನನ್ನ ಕೈಗೆ ತುರುಕಿದಳು. ಬಾಗಿಲು ಮುಚ್ಚಿತು.

ಜಲ್ಲಿಗುಂಡಿಗಳ ಬಳಿ ಡೆನಿಸ್ ಶುಭ್ರವಾಗಿ ಗಡ್ಡ ಕೆರೆದು, ಟೈ ಕಟ್ಟಿ, ಜನರನ್ನು ಡಬ್ಬಿಗೆ ಹತ್ತಿಸುವ ಕೆಲಸದಲ್ಲಿದ್ದರು. ಎಂಜಿನ್ನಿನ ಮೇಲೆ ರೋಜರ್ ಇದ್ದರು. ಹೋಳಿಗೆ ಕೊಟ್ಟು, ಕಳಿಸಿದ್ದು ಯಾರೆಂದು ಹೇಳಿದೆ.

"ರೇಷ್ಮೆಯ ಮಹಿಳೆ! ಆಕೆ ಬರಲಿಲ್ಲವೇ?"

"ಅರ್ಧ ದಾರಿ ಬಂದಳು."

"ಅರ್ಧ ದಾರಿ ಎಂದರೆ ಕಡಿಮೆ ದೂರವಲ್ಲ," ಎಂದು ಡೆನಿಸ್ ನನ್ನನ್ನು ಒಳಗೆ ಕೂರಿಸಿ, ಬಾಗಿಲಿನ ಚಿಲಕ ಹಾಕಿ, ಬಿದ್ದಿದೆಯೇ ಎಂದು ಎಳೆದು ನೋಡಿದರು. ಕೈ ಎತ್ತಿದರು. ಎಂಜಿನ್ನು ಸಿಳ್ಳೆ ಹಾಕಿ ಹೊರಟಿತು. ತಿರುಗಿ ನೋಡಿದೆ: ಬೇರೆಯವರ ಕೈಯಲ್ಲಿ ದೂರವಾಗುತ್ತಿದ್ದ ಅದರ ಸದ್ದಿಗೆ ಅವರು ಪ್ಲಾಟ್‌ಫಾರಂ ಮೇಲೆ ತಲೆ ವಾಲಿಸಿ ಕಿವಿಗೊಟ್ಟರು; ಆಮೇಲೆ, ಎಲ್ಲ ಸರಿಯಿದೆ ಎಂಬಂತೆ, ಮುಂದಿನ ಸರದಿಗೆ ಕಾಯುತ್ತಿದ್ದ ಮಗುವಿನ ಕೈ ಹಿಡಿಯಲು ತಿರುಗಿದರು.